ಕರ್ನಾಟಕ ಸಂಗೀತ ಕಲಿತವರು ಇಂಗ್ಲೆಂಡಿನ ಕ್ವಾಯರ್ ಹಬ್ಬದಲ್ಲಿ ಹಾಡಬಹುದೇ?

ಪ್ರಶ್ನೆ: ನಾನು ಹಾಸನದವಳು. ಈಗ ಕೆಲವು ವರ್ಷಗಳಿಂದ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ. ಕರ್ನಾಟಕ ಸಂಗೀತದಲ್ಲಿ ಜೂನಿಯರ್ ಪರೀಕ್ಷೆ ಮುಗಿಸಿದ್ದೇನೆ. ಇಲ್ಲಿನ ಕನ್ನಡಿಗರ ಕಾರ್ಯಕ್ರಮಗಳಲ್ಲಿ ಭಾವಗೀತೆ ಹಾಡುತ್ತೇನೆ. ನನ್ನ ಶ್ರುತಿ ಐದು ಮನೆ. ನಮ್ಮ ಬಡಾವಣೆಯ ಕ್ವಾಯರ್, ಅಂದರೆ ಸಮೂಹ ಗಾಯನ ತಂಡದವರು, ವಾರಾಂತ್ಯದಲ್ಲಿ ಒಂದು ಹಾಡಿನ ಹಬ್ಬ ಮಾಡುತ್ತಿದ್ದಾರೆ. ಶುಕ್ರವಾರ ಸಂಜೆ ಸಂಗೀತ ಕಚೇರಿ, ಶನಿವಾರ ಕಾರ್ಯಾಗಾರ, ಭಾನುವಾರ ಬಂದವರೆಲ್ಲ ಸೇರಿ ಹ್ಯಾಂಡಲ್ ಎಂಬ ಹಳೆಯ ಸಂಗೀತಗಾರ ಯೇಸುವಿನ ಬಗ್ಗೆ ರಚಿಸಿದ ದೊಡ್ಡ ಗಾನಕೃತಿ ‘ಮೆಸ್ಸಾಯ’ದ ಕೆಲವು ಭಾಗಗಳನ್ನು ಹಾಡುವುದು. ಪಕ್ಕದ ಮನೆಯವರು ನನ್ನನ್ನೂ ಕರೆದಿದ್ದಾರೆ. ಅರ್ಜಿಯಲ್ಲಿ ಸೊಪ್ರಾನೊ, ಆಲ್ಟೊ (ಹೆಂಗಸರ ಎತ್ತರದ, ತಗ್ಗಿನ ಧ್ವನಿ), ಟೆನರ್, ಬೇಸ್ (ಗಂಡಸರ ಎತ್ತರದ, ತಗ್ಗಿನ ಧ್ವನಿ), ಇದರಲ್ಲಿ ನೀವು ಯಾವುದು ಎಂದು ಕೇಳಿದ್ದಾರೆ. ನನಗೆ ಅವರ ನೊಟೇಶನ್ ಓದಲು ಬರುವುದಿಲ್ಲ. ನೊಟೇಶನ್ ನೋಡಿ ಹಾಡುವುದು, ಉಸಿರು ಮತ್ತು ಧ್ವನಿ, ಗಾಸ್ಪೆಲ್ (ಅಮೆರಿಕದ ಕಪ್ಪು ಜನರ ಚರ್ಚ್ ಹಾಡು), ಜಾನಪದ ಹಾಡು, ಈ ನಾಲ್ಕು ಕಾರ್ಯಾಗಾರಗಳಲ್ಲಿ ಎರಡನ್ನು ಆರಿಸಬೇಕಂತೆ. ಎರಡು ದಿನ ಹಾಡಿದರೆ ಗಂಟಲು ಕೆಡುವುದಿಲ್ಲವೇ? ನನ್ನಂಥವರು ಹೋಗಬಹುದೇ?

ಉತ್ತರ: ಖಂಡಿತ ಹೋಗಿ. ಅರ್ಜಿಯಲ್ಲಿ ಆಲ್ಟೊ ಎಂದು ಬರೆಯಿರಿ. ಶನಿವಾರ ಬೆಳಿಗ್ಗೆ ನೊಟೇಶನ್, ಮಧ್ಯಾಹ್ನ ಉಸಿರು ಮತ್ತು ಧ್ವನಿ. ಇಷ್ಟು ತೀರ್ಮಾನ ಮಾಡಿಬಿಡಿ. ಯಾಕೆ ಅಂತ ಈಗ ಹೇಳುತ್ತೇನೆ. ಅದು ಸ್ವಲ್ಪ ಉದ್ದದ ಮಾತು.

ಕರ್ನಾಟಕ ಸಂಗೀತದವರು ಕ್ವಾಯರ್‌ಗೆ ಬಂದಾಗ ಅವರ ಗಂಟಲಿಗೆ ಅಷ್ಟೇನೂ ಕಷ್ಟವಾಗುವುದಿಲ್ಲ. ಹೊಸದಾಗಿ ಕಲಿಯಬೇಕಾದದ್ದು ಕಿವಿ. ತ್ಯಾಗರಾಜರ ಆರಾಧನೆಯಲ್ಲಿ ಪಂಚರತ್ನ ಕೃತಿಗಳ ಗೋಷ್ಠಿ ಗಾಯನ ಕೇಳಿದ್ದೀರಲ್ಲ. ನೂರು ಜನ ಕೂತಿದ್ದರೂ ಹಾಡುವುದು ಒಂದೇ ಮಟ್ಟು. ಪಕ್ಕದವರು ಏನು ಹಾಡುತ್ತಾರೋ ನೀವೂ ಅದನ್ನೇ ಹಾಡುತ್ತೀರಿ. ಕ್ವಾಯರ್‌ನಲ್ಲಿ ಒಂದೇ ಹೊತ್ತಿಗೆ ನಾಲ್ಕು ಬೇರೆ ಬೇರೆ ಸಾಲುಗಳು ನಡೆಯುತ್ತವೆ. ಕೇಳುವವರಿಗೆ ನೆನಪಿನಲ್ಲಿ ಉಳಿಯುವ ಮಟ್ಟು ಹೆಚ್ಚಾಗಿ ಸೊಪ್ರಾನೊದವರ ಪಾಲಿಗೆ ಹೋಗುತ್ತದೆ. ನಿಮ್ಮ ಪಾಲಿಗೆ ಬರುವ ಸಾಲು ಒಂಟಿಯಾಗಿ ಹಾಡಿದರೆ ಸಪ್ಪೆ ಅನಿಸಬಹುದು. ಅದೇ ಸಾಲು ಉಳಿದ ಮೂರರ ಜೊತೆ ಸೇರಿದಾಗ ಇಡೀ ಹಾಡಿನ ಬಣ್ಣ ಬದಲಾಗುತ್ತದೆ. ಆ ಬದಲಾವಣೆಯನ್ನು ಕೇಳಿಸಿಕೊಳ್ಳುತ್ತಾ ತನ್ನ ಸಾಲನ್ನು ಬಿಡದೆ ಹಾಡುವುದು ನಮಗೆ ಯಾರೂ ಕಲಿಸಿಲ್ಲದ ವಿದ್ಯೆ. ಈ ವಾರಾಂತ್ಯಕ್ಕೆ ಹೋಗಬೇಕಾದದ್ದು ಅದಕ್ಕೆ.

ಈಗ ಆಲ್ಟೊ ಯಾಕೆ ಅಂತ ನೋಡೋಣ. ಹಾರ್ಮೋನಿಯಂನಲ್ಲಿ ಐದು ಮನೆ ಎಂದರೆ ಅವರ ಲೆಕ್ಕದಲ್ಲಿ ‘ಜಿ’ ಸ್ವರ. ನಿಮ್ಮ ಮಧ್ಯಸ್ಥಾಯಿಯ ಷಡ್ಜ ಅಲ್ಲಿದೆ. ಮೇಲೆ ತಾರಸ್ಥಾಯಿ ಪಂಚಮದವರೆಗೆ ಹೋಗುತ್ತೀರಿ ಅಂದುಕೊಳ್ಳೋಣ. ಅದು ‘ಡಿ’. ಆಲ್ಟೊದವರ ಸಾಲು ಬಹುಪಾಲು ಓಡಾಡುವುದು ಇದೇ ಜಾಗದಲ್ಲಿ. ಸೊಪ್ರಾನೊದವರು ಇನ್ನೂ ಮೇಲೆ ಹೋಗಬೇಕು. ‘ಮೆಸ್ಸಾಯ’ದ ‘ಹಲ್ಲೆಲೂಯಾ’ ಭಾಗದಲ್ಲಿ ಅವರು ಒಂದೊಂದೇ ಮೆಟ್ಟಿಲು ಏರುತ್ತಾ ಮೇಲಿನ ‘ಜಿ’ ಮುಟ್ಟುತ್ತಾರೆ. ನಿಮ್ಮ ಲೆಕ್ಕದಲ್ಲಿ ಅದು ತಾರ ಷಡ್ಜಕ್ಕೂ ಒಂದು ಸ್ಥಾಯಿ ಮೇಲಿನ ಷಡ್ಜ! ನಮ್ಮ ಪಾಠದಲ್ಲಿ ಆ ಜಾಗಕ್ಕೆ ಯಾರೂ ಹೋಗುವುದಿಲ್ಲ. ಅಲ್ಲಿಗೆ ಹೋಗಲು ಧ್ವನಿಯನ್ನು ತೆಳ್ಳಗೆ, ತಲೆಯಲ್ಲಿ ಮೊಳಗುವ ಹಾಗೆ ಬಳಸಬೇಕು. ಅದನ್ನು ಕಲಿಯಲು ತಿಂಗಳುಗಳು ಬೇಕು, ವಾರಾಂತ್ಯ ಸಾಲದು. ಎದೆಯ ಧ್ವನಿಯಲ್ಲೇ ಎಳೆದುಕೊಂಡು ಹೋದರೆ ಶನಿವಾರ ಸಂಜೆಗೇ ಗಂಟಲು ಕೂತುಬಿಡುತ್ತದೆ. ‘ನನ್ನ ಧ್ವನಿ ಸಣ್ಣ, ಹಾಗಾಗಿ ನಾನು ಸೊಪ್ರಾನೊ’ ಅಂದುಕೊಳ್ಳುವ ಕನ್ನಡದ ಹೆಣ್ಣುಮಕ್ಕಳನ್ನು ಜಾಸ್ತಿ ನೋಡಿದ್ದೇನೆ. ಧ್ವನಿ ಸಣ್ಣದೋ ದಪ್ಪದೋ ಎಂಬುದು ಇಲ್ಲಿ ಮುಖ್ಯವಲ್ಲ. ಯಾವ ಜಾಗದಲ್ಲಿ ಗಂಟೆಗಟ್ಟಲೆ ಆರಾಮಾಗಿ ಹಾಡಬಲ್ಲಿರಿ ಎಂಬುದು ಮುಖ್ಯ.

ಈ ನಾಲ್ಕು ಸಾಲುಗಳ ಏರ್ಪಾಡಿನಲ್ಲಿ ನಮಗೆ ಕಲಿಯಲು ಇನ್ನೊಂದು ವಿಷಯವಿದೆ. ನಮ್ಮ ಸಮೂಹ ಗಾಯನದಲ್ಲಿ ಗಂಡಸರ ಶ್ರುತಿ ಒಂದು ಮನೆ, ಹೆಂಗಸರದು ಐದು ಮನೆ. ಒಟ್ಟಿಗೆ ಹಾಡುವಾಗ ಮಧ್ಯದಲ್ಲಿ ಎಲ್ಲೋ ಶ್ರುತಿ ಇಡುತ್ತಾರೆ. ಆಗ ಒಂದು ಕಡೆಯವರು ಕಿರುಚುತ್ತಾರೆ, ಇನ್ನೊಂದು ಕಡೆಯವರ ಸ್ವರ ಕೇಳಿಸುವುದೇ ಇಲ್ಲ. ಕ್ವಾಯರ್ ಪದ್ಧತಿಯಲ್ಲಿ ಪ್ರತಿಯೊಬ್ಬರ ಸಾಲನ್ನೂ ಅವರ ಗಂಟಲಿಗೆ ತಕ್ಕ ಜಾಗದಲ್ಲೇ ಬರೆದಿರುತ್ತಾರೆ. ಅಷ್ಟರಮಟ್ಟಿಗೆ ಅದು ದಯೆಯುಳ್ಳ ಪದ್ಧತಿ ಎಂದು ನನಗೆ ಯಾವಾಗಲೂ ಅನಿಸಿದೆ.

ನೊಟೇಶನ್ ಬರುವುದಿಲ್ಲ ಎಂಬ ಹೆದರಿಕೆ ಬಿಡಿ. ನೀವಿರುವ ಯಾರ್ಕ್‌ಶೈರ್‌ನಲ್ಲಿ ಕ್ವಾಯರ್ ಬೆಳೆದದ್ದೇ ಅದು ಬಾರದವರಿಂದ. ಲೀಡ್ಸ್‌ಗೆ ಹತ್ತಿರದ ಹಡರ್ಸ್‌ಫೀಲ್ಡ್‌ನ ಕೋರಲ್ ಸೊಸೈಟಿ (ಸಮೂಹ ಗಾಯನ ಸಂಘ) ಶುರುವಾದದ್ದು 1836ರಲ್ಲಿ. ಈಗಲೂ ಅವರು ವರ್ಷ ವರ್ಷ ‘ಮೆಸ್ಸಾಯ’ ಹಾಡುತ್ತಾರೆ. 19ನೇ ಶತಮಾನದಲ್ಲಿ ಅಲ್ಲಿನ ಬಟ್ಟೆ ಗಿರಣಿಯ ಊರುಗಳಲ್ಲಿ ದುಡಿಯುವ ಜನ ಸಂಜೆ ಹೊತ್ತು ಸೇರಿ ಹಾಡು ಕಲಿಯುತ್ತಿದ್ದರು. ಸ್ಟಾಫ್ ನೊಟೇಶನ್‌ನ ಐದು ಗೆರೆಗಳು ಅವರಿಗೂ ಕಷ್ಟವೇ. ಅವರ ಕೈಹಿಡಿದದ್ದು ಗೆರೆಗಳ ಬದಲು ಸ್ವರದ ಹೆಸರುಗಳಲ್ಲೇ ಹಾಡನ್ನು ಓದುವ ಟಾನಿಕ್ ಸೋಲ್ಫಾ ಎಂಬ ಪದ್ಧತಿ. ನಾರಿಚ್ ಊರಿನ ಸಾರಾ ಗ್ಲೋವರ್ ಎಂಬ ಶಿಕ್ಷಕಿ ಅದಕ್ಕೆ ಅಡಿಪಾಯ ಹಾಕಿದರು. ಜಾನ್ ಕರ್ವೆನ್ ಎಂಬ ಪಾದ್ರಿ ಅದನ್ನು ತಿದ್ದಿ ದೇಶದ ತುಂಬ ಹರಡಿದರು. ದೋ, ರೇ, ಮಿ, ಫಾ, ಸೋ, ಲಾ, ಟಿ. ‘ದೋ’ ಎಲ್ಲಿ ಬೇಕಾದರೂ ಕೂರಬಹುದು. ನಮ್ಮ ಷಡ್ಜದ ಹಾಗೆಯೇ! ನಮ್ಮ ಮಿಜೋರಾಂನ ಚರ್ಚ್ ಕ್ವಾಯರ್‌ಗಳು ಇವತ್ತಿಗೂ ಇದೇ ಪದ್ಧತಿಯಲ್ಲಿ ನಾಲ್ಕು ಸಾಲುಗಳ ಹಾಡನ್ನು ಸರಾಗವಾಗಿ ಓದುತ್ತವೆ.

ನೀವು ಸ್ವರ ಹಾಡಿ ಬಲ್ಲವರು. ಆದ್ದರಿಂದ ಅರ್ಧ ದಾರಿ ಆಗಲೇ ನಡೆದಿದ್ದೀರಿ. ಒಂದು ಕಡೆ ಮಾತ್ರ ಎಡವುತ್ತೀರಿ, ಮೊದಲೇ ಹೇಳಿಬಿಡುತ್ತೇನೆ. ಅವರ ‘ದೋ’ ನಮ್ಮ ಸ. ಅವರ ‘ಮಿ’ ನಮ್ಮ ಗ. ಅವರ ‘ಸೋ’ ನಮ್ಮ ಪ, ‘ಲಾ’ ನಮ್ಮ ದ. ‘ರೇ’ ಒಂದು ಮಾತ್ರ ನಮ್ಮ ರಿ ಇರುವಲ್ಲೇ ಇದೆ. ಕಾರ್ಯಾಗಾರದಲ್ಲಿ ‘ಮಿ ಹಾಡಿ’ ಎಂದಾಗ ನಮ್ಮವರ ಬಾಯಿಗೆ ಮಧ್ಯಮ ಬಂದುಬಿಡುತ್ತದೆ. ಹೋಗುವ ಮೊದಲು ಸರಳೆ ವರಸೆಯನ್ನು ದೋ-ರೇ-ಮಿ ಹಾಕಿ ಒಂದು ವಾರ ಹಾಡಿಕೊಳ್ಳಿ. ರಾಗ ಮಾತ್ರ ಶಂಕರಾಭರಣ ಇರಲಿ. ಅವರು ಮೇಜರ್ ಸ್ಕೇಲ್ ಅನ್ನುವುದು ಅದನ್ನೇ.

ಪುಸ್ತಕ ಕೈಗೆ ಬಂದಾಗ ಹೀಗೆ ಮಾಡಿ. ಪ್ರತಿ ಪುಟದಲ್ಲೂ ಹಾಡುವವರ ನಾಲ್ಕು ಸಾಲುಗಳಿರುತ್ತವೆ, ಕೆಳಗೆ ಪಿಯಾನೊ. ಆಲ್ಟೊ ಮೇಲಿನಿಂದ ಎರಡನೆಯದು. ನಿಮ್ಮ ಸಾಲಿನ ಪಕ್ಕದಲ್ಲಿ ಪೆನ್ಸಿಲ್‌ನಿಂದ ಒಂದು ಗುರುತು ಹಾಕುತ್ತಾ ಹೋಗಿ. ಪುಸ್ತಕ ಎರವಲು ತಂದದ್ದಾದರೆ ಪೆನ್ ಮುಟ್ಟಬೇಡಿ. ಹಬ್ಬದವರು ಯಾವ ಪ್ರಕಾಶನದ ಪ್ರತಿ ಬಳಸುತ್ತಾರೆ ಎಂದು ಮೊದಲೇ ಕೇಳಿ. ಇಂಗ್ಲೆಂಡಿನಲ್ಲಿ ಹೆಚ್ಚಾಗಿ ನೊವೆಲ್ಲೊ ಪ್ರತಿ. ಬೇರೆ ಪ್ರತಿ ತಂದರೆ ಪುಟ ಸಂಖ್ಯೆ ಹೊಂದುವುದಿಲ್ಲ. ಕಂಡಕ್ಟರ್, ಅಂದರೆ ಮುಂದೆ ನಿಂತು ಕೈಸನ್ನೆಯಿಂದ ಹಾಡಿಸುವವರು, ‘ಪುಟ ಇಷ್ಟರಿಂದ’ ಎಂದಾಗ ನೀವು ಹುಡುಕುತ್ತಾ ಕೂರಬೇಕಾಗುತ್ತದೆ. ಒಂದೊಂದು ಧ್ವನಿಯ ಸಾಲನ್ನೂ ಬೇರೆಯಾಗಿ ನುಡಿಸಿ ತೋರಿಸುವ ಅಭ್ಯಾಸದ ಆಡಿಯೋಗಳು ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಆಲ್ಟೊದ್ದನ್ನು ಇಳಿಸಿಕೊಂಡು ಪುಸ್ತಕ ನೋಡುತ್ತಾ ಕೇಳಿ. ಮೊದಲ ಸಲ ಹಾಡಬೇಡಿ. ಬೆರಳಿಟ್ಟು ಸಾಲನ್ನು ಹಿಂಬಾಲಿಸಿ. ಸ್ವರ ಮೇಲೆ ಹೋದಾಗ ಚುಕ್ಕೆಯೂ ಮೇಲೆ ಹೋಗುತ್ತದೆ, ಇಳಿದಾಗ ಇಳಿಯುತ್ತದೆ. ಅಷ್ಟು ಕಂಡುಕೊಂಡರೆ ಶನಿವಾರದ ಕಾರ್ಯಾಗಾರ ಹೇಳುವುದು ಅರ್ಥವಾಗುತ್ತದೆ.

‘ಹಲ್ಲೆಲೂಯಾ’ ಡಿ ಮೇಜರ್‌ನಲ್ಲಿದೆ. ಅಂದರೆ ಎರಡು ಮನೆಯಲ್ಲಿ ಷಡ್ಜ ಇಟ್ಟ ಶಂಕರಾಭರಣ. ಕಷ್ಟದ ಸಾಲುಗಳ ಕೆಳಗೆ ಕನ್ನಡದಲ್ಲೇ ಸ್ವರ ಬರೆದುಕೊಳ್ಳಿ, ನಾಚಿಕೆ ಬೇಡ. ಅಲ್ಲಲ್ಲಿ ಹಾಡು ಪಕ್ಕದ ಸ್ಕೇಲ್‌ಗೆ ಜಾರಿ, ಶುದ್ಧ ಮಧ್ಯಮದ ಬದಲು ಪ್ರತಿ ಮಧ್ಯಮ ಬರುತ್ತದೆ. ನಿಮಗೆ ಕಲ್ಯಾಣಿ ಬಂದ ಹಾಗೆ ಅನಿಸಬಹುದು. ಗಾಬರಿಯಾಗಬೇಡಿ, ಷಡ್ಜವನ್ನು ಅಲ್ಲೇ ಇಟ್ಟುಕೊಂಡು ಆ ಒಂದು ಸ್ವರವನ್ನು ತಿದ್ದಿಕೊಳ್ಳಿ. ಪ್ರತಿ ಸಲ ಹೊಸ ಷಡ್ಜ ಹುಡುಕಲು ಹೋದರೆ ದಾರಿ ತಪ್ಪುತ್ತೀರಿ.

ಇನ್ನೊಂದು ಸಂಗತಿ ಮೊದಲೇ ಗೊತ್ತಿರಲಿ. ‘ಮೆಸ್ಸಾಯ’ದ ಮೊದಲ ಕೋರಸ್, ಅಂದರೆ ಕ್ವಾಯರ್ ಸೇರಿ ಹಾಡುವ ಭಾಗ, ‘ಆ್ಯಂಡ್ ದ ಗ್ಲೋರಿ’. ವಾದ್ಯಗಳ ಪೀಠಿಕೆ ಮುಗಿದ ಮೇಲೆ ಮೊದಲು ಬಾಯಿ ತೆರೆಯುವವರು ಆಲ್ಟೊದವರು, ಅವರೊಬ್ಬರೇ. ಭಾನುವಾರ ಅದನ್ನು ಹಾಡುವುದಿದ್ದರೆ ಆ ಎರಡು ಸಾಲನ್ನು ಪುಸ್ತಕ ನೋಡದೆ ಹಾಡುವಷ್ಟು ಕಲಿತು ಹೋಗಿ. ಆಗ ಕಣ್ಣು ಕಂಡಕ್ಟರ್ ಮೇಲೆ ಇರುತ್ತದೆ.

ಈಗ ಗಮಕದ ಮಾತು. ನಮ್ಮಲ್ಲಿ ಸ್ವರ ನಿಂತರೂ ಸ್ವಲ್ಪ ಅಲುಗಾಡುತ್ತದೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿ ಹೋಗುತ್ತದೆ. ಕ್ವಾಯರ್‌ನಲ್ಲಿ ಹಾಗೆ ಮಾಡಿದರೆ ನಿಮ್ಮ ಒಂದು ಧ್ವನಿ ಹತ್ತು ಆಲ್ಟೊಗಳ ನಡುವೆ ಬೇರೆಯಾಗಿ ಎದ್ದು ಕಾಣುತ್ತದೆ. ನಾಲ್ಕು ಸ್ವರಗಳು ಸೇರಿ ಮೊಳಗಬೇಕಾದರೆ ಪ್ರತಿಯೊಂದೂ ನೆಟ್ಟಗೆ ನಿಲ್ಲಬೇಕು. ಬೆಳಿಗ್ಗೆ ತಂಬೂರಿ ಹಾಕಿಕೊಂಡು ಮಂದ್ರ ಸಾಧನೆ ಮಾಡುತ್ತೀರಲ್ಲ, ಒಂದೇ ಸ್ವರವನ್ನು ಅಲುಗಾಡದೆ ಉಸಿರು ಇರುವಷ್ಟು ಹೊತ್ತು ಹಿಡಿಯುವುದು, ಅದೇ ಇಲ್ಲಿಗೆ ಬೇಕಾದ ಅಭ್ಯಾಸ.

ತಂಬೂರಿ ನಿಮಗೆ ಇನ್ನೂ ಒಂದು ದೊಡ್ಡ ವಿದ್ಯೆ ಕೊಟ್ಟಿದೆ. ಮಂದ್ರ ಷಡ್ಜದ ತಂತಿ ಮೀಟಿದಾಗ ಅದರೊಳಗಿಂದ ಒಂದು ಗಾಂಧಾರ ತಾನಾಗಿ ಕೇಳಿಸುತ್ತದೆ. ಸ್ವಯಂಭೂ ಗಾಂಧಾರ ಎಂದು ಮೇಷ್ಟ್ರು ತೋರಿಸಿರಬೇಕು. ತಂತಿಯ ಮೂಲ ಕಂಪನದ ಐದು ಪಟ್ಟು ವೇಗದ ಕಂಪನದಿಂದ ಹುಟ್ಟುವ ಸ್ವರ ಅದು. ಪಿಯಾನೊದ ಗಾಂಧಾರ ಅದಕ್ಕಿಂತ ಒಂದು ಚೂರು ಮೇಲಿದೆ. ಒಂದು ಸ್ಥಾಯಿಯನ್ನು 1200 ಸೆಂಟ್ ಎಂದು ಅಳೆದರೆ ತಂಬೂರಿಯ ಗಾಂಧಾರ 386ರ ಹತ್ತಿರ, ಪಿಯಾನೊದ್ದು 400. ವಾದ್ಯ ಇಲ್ಲದೆ ಹಾಡುವಾಗ ಒಳ್ಳೆಯ ಕ್ವಾಯರ್‌ಗಳು ಪಿಯಾನೊದ ಗಾಂಧಾರ ಬಿಟ್ಟು ತಂಬೂರಿಯ ಗಾಂಧಾರದ ಕಡೆಗೇ ವಾಲುತ್ತವೆ. ಸ, ಗ, ಪ ಮೂರೂ ಆಗ ಒಂದಾಗಿ ಬೆಸೆದುಕೊಂಡು ಕೋಣೆಯೇ ಮೊಳಗುತ್ತದೆ. ಎಷ್ಟೋ ಸಲ ಆ ಗಾಂಧಾರ ಹಾಡುವ ಕೆಲಸ ಆಲ್ಟೊದವರದು. ನಿಮ್ಮ ಕಿವಿಗೆ ಅದು ಹೊಸದಲ್ಲ, ಅಲ್ವಾ?

ಆದರೆ ಅದೇ ಕಿವಿ ಒಂದು ತೊಂದರೆಯನ್ನೂ ಕೊಡುತ್ತದೆ. ವಾದ್ಯ ಇಲ್ಲದಾಗ ಇಡೀ ಕ್ವಾಯರ್ ಮೆಲ್ಲಗೆ ಶ್ರುತಿಯಿಂದ ಇಳಿಯುವುದುಂಟು. ಶ್ರುತಿ ಶುದ್ಧವಾಗಿರುವ ನಿಮಗೆ ಅದು ಮುಳ್ಳು ಚುಚ್ಚಿದಂತಾಗುತ್ತದೆ. ‘ನಾನು ಸರಿಯಾದ ಜಾಗದಲ್ಲೇ ನಿಲ್ಲುತ್ತೇನೆ’ ಎಂದು ಹಟ ಹಿಡಿಯಬೇಡಿ. ಇಳಿದವರ ಜೊತೆ ಇಳಿಯಿರಿ. ಒಬ್ಬರು ಸರಿ, ಮೂವತ್ತು ಜನ ತಪ್ಪು ಎಂದರೆ ಕೇಳುವವರಿಗೆ ತಪ್ಪಾಗಿ ಕೇಳಿಸುವುದು ಆ ಒಬ್ಬರೇ. ತಿದ್ದುವುದು ಕಂಡಕ್ಟರ್ ಕೆಲಸ.

ಎಷ್ಟು ಜೋರಾಗಿ ಹಾಡಬೇಕು ಎಂಬುದಕ್ಕೆ ಕ್ವಾಯರ್‌ನವರ ಹಳೆಯ ಅಳತೆ ಇದೆ. ಪಕ್ಕದವರ ಧ್ವನಿ ನಿಮಗೆ ಕೇಳಿಸುತ್ತಿರಬೇಕು. ಕೇಳಿಸದಿದ್ದರೆ ನಿಮ್ಮದು ಜಾಸ್ತಿಯಾಯಿತು. ಮೊದಲ ದಿನ ಗಟ್ಟಿಯಾಗಿ ಓದಿ ಹಾಡಬಲ್ಲ ಒಬ್ಬ ಹಿರಿಯ ಆಲ್ಟೊ ಪಕ್ಕ ಜಾಗ ಹಿಡಿಯಿರಿ. ಸಾಲಿನ ತುದಿಯಲ್ಲಿ ಬೇಡ, ಅಲ್ಲಿ ಟೆನರ್‌ಗಳು ಕಿವಿಗೆ ಹಾಡುತ್ತಿರುತ್ತಾರೆ.

ಉಸಿರಿನ ವಿಷಯದಲ್ಲಿ ಒಂದು ಸಂತೋಷದ ಸುದ್ದಿ. ಉದ್ದದ ಸ್ವರಗಳಲ್ಲಿ ಎಲ್ಲರೂ ಒಟ್ಟಿಗೆ ಉಸಿರು ತೆಗೆಯುವಂತಿಲ್ಲ. ಒಬ್ಬೊಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ತೆಗೆಯಬೇಕು. ಸುಮ್ನೆ ಬಾಯಿ ತೆರೆದುಕೊಂಡೇ ಸ್ವರ ನಿಲ್ಲಿಸಿ, ಉಸಿರು ತುಂಬಿಕೊಂಡು, ಮೆಲ್ಲಗೆ ಮತ್ತೆ ಸೇರಿಕೊಳ್ಳಿ. ಸೇರುವುದು ಯಾರಿಗೂ ಗೊತ್ತಾಗಬಾರದು, ಅಷ್ಟೇ. ಒಂಟಿಯಾಗಿ ಹಾಡಿ ಅಭ್ಯಾಸವಿರುವವರಿಗೆ ಇದು ದೊಡ್ಡ ನೆಮ್ಮದಿ.

ಇಂಗ್ಲಿಷ್ ಉಚ್ಚಾರದಲ್ಲಿ ಒಂದೇ ಮಾತು. ‘ನೈಟ್’, ‘ಡೇ’ ಥರದ ಪದಗಳಲ್ಲಿ ಎರಡು ಸ್ವರಾಕ್ಷರ ಅಂಟಿಕೊಂಡಿರುತ್ತವೆ. ಎಳೆಯುವುದು ಮೊದಲನೆಯದನ್ನು, ಎರಡನೆಯದು ಕೊನೆಗೆ ಒಂದು ಚೂರು. ಪದದ ಕೊನೆಯ ಟ, ಸ ಅಕ್ಷರಗಳು ಕಂಡಕ್ಟರ್ ಕೈ ಮುಚ್ಚಿದಾಗ ಎಲ್ಲರಿಂದಲೂ ಒಟ್ಟಿಗೆ ಬರಬೇಕು. ಮುಂದೆಂದಾದರೂ ಲ್ಯಾಟಿನ್ ಹಾಡು ಸಿಕ್ಕಿದರೆ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ‘ದೋನಾ ನೋಬಿಸ್ ಪಾಚೆಮ್’ ಎಂದು ಬರೆದುಕೊಂಡ ಕನ್ನಡಿಗರು ಅದನ್ನು ಇಂಗ್ಲಿಷ್‌ನವರಿಗಿಂತ ಶುದ್ಧವಾಗಿ ಹಾಡುತ್ತಾರೆ.

‘ಮೆಸ್ಸಾಯ’ ಎಂದರೆ ನೂರಾರು ಜನರ ಅಬ್ಬರ ಅನ್ನುವ ಕಲ್ಪನೆ ಬಂದದ್ದು ಆಮೇಲೆ. ಹ್ಯಾಂಡಲ್ ಅದನ್ನು 1741ರಲ್ಲಿ 24 ದಿನಗಳಲ್ಲಿ ಬರೆದ. ಮೊದಲು ಹಾಡಿದ್ದು 1742ರ ಏಪ್ರಿಲ್ 13ರಂದು ಡಬ್ಲಿನ್‌ನಲ್ಲಿ, ಸಣ್ಣ ಕ್ವಾಯರ್ ಜೊತೆ. 1784ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಹ್ಯಾಂಡಲ್ ನೆನಪಿನ ಹಬ್ಬ ನಡೆದಾಗ ಹಾಡುವವರು, ನುಡಿಸುವವರು ಸೇರಿ 500ಕ್ಕೂ ಹೆಚ್ಚು ಜನ. ದೊಡ್ಡ ಗುಂಪಿನ ಚಾಳಿ ಅಲ್ಲಿಂದ ಬೆಳೆಯಿತು. ನಾನು ಇದನ್ನು ಹೇಳುವುದಕ್ಕೆ ಕಾರಣವಿದೆ. ‘ಫಾರ್ ಅಂಟು ಅಸ್’ ಕೋರಸ್‌ನಲ್ಲಿ ಉದ್ದುದ್ದ ವೇಗದ ಸ್ವರಮಾಲೆಗಳಿವೆ. ಸಣ್ಣ ಗುಂಪಿಗೆ ಬರೆದ ಈ ಸಾಲುಗಳನ್ನು ಹಗುರವಾಗಿ ಹಾಡಿದರೇ ಚೆಂದ. ನೀವು ಮೂರನೇ ಕಾಲದಲ್ಲಿ ಅಕಾರ ಹಾಡಿದವರು. ಆ ಕೋರಸ್‌ನಲ್ಲಿ ನಿಮ್ಮ ಪಕ್ಕದವರೇ ನಿಮ್ಮನ್ನು ನೋಡಿ ಕಲಿಯುತ್ತಾರೆ. ಪ್ರತಿ ಸ್ವರಕ್ಕೂ ‘ಹ’ ಸೇರಿಸಿ ಹಹಹ ಅನ್ನಬೇಡಿ, ಗಾಳಿ ಬೇಗ ಖಾಲಿಯಾಗುತ್ತದೆ.

ಕಾರ್ಯಾಗಾರದ ಆಯ್ಕೆಗೆ ಬರುತ್ತೇನೆ. ನೊಟೇಶನ್ ಬೆಳಿಗ್ಗೆ ಇರಲಿ, ತಲೆ ಹಗುರವಾಗಿರುವಾಗ. ಉಸಿರು ಮತ್ತು ಧ್ವನಿ ಕಾರ್ಯಾಗಾರದಲ್ಲಿ ಜಾಸ್ತಿ ಹೊತ್ತು ಮೆಲ್ಲಗಿನ ಅಭ್ಯಾಸಗಳಿರುತ್ತವೆ, ಹಾಗಾಗಿ ಮಧ್ಯಾಹ್ನಕ್ಕೆ ಅದು ಸರಿ. ಜಾನಪದ ಹಾಡನ್ನು ಬಾಯಿಂದ ಬಾಯಿಗೇ ಕಲಿಸುತ್ತಾರೆ, ನಿಮಗೆ ಸುಲಭ, ಆದ್ದರಿಂದ ಈ ಸಲ ಬೇಡ. ಗಾಸ್ಪೆಲ್ ತುಂಬ ಖುಷಿಯ ಹಾಡುಗಾರಿಕೆ. ಆದರೆ ಎದೆಯ ಧ್ವನಿಯಲ್ಲಿ ಮೇಲಕ್ಕೆ ಜೋರಾಗಿ ಹಾಡಬೇಕು. ಮಾರನೇ ದಿನ ಹ್ಯಾಂಡಲ್ ಹಾಡುವುದಿರುವಾಗ ಮೊದಲ ಸಲದವರಿಗೆ ಅದು ಬೇಡ ಎಂದೇ ನನ್ನ ಅಭಿಪ್ರಾಯ. ಶುಕ್ರವಾರದ ಕಚೇರಿಯನ್ನು ತಪ್ಪಿಸಬೇಡಿ. ಅಲ್ಲಿ ಸೊಪ್ರಾನೊದವರ ಮಟ್ಟನ್ನು ಬೇಕಂತಲೇ ಬಿಟ್ಟು, ಒಳಗಿನ ಆಲ್ಟೊ ಸಾಲನ್ನು ಹುಡುಕಿ ಹಿಡಿದು ಕೇಳಿ. ಕಿವಿಗೆ ಅದೇ ಮೊದಲ ಪಾಠ.

ಗಂಟಲಿನ ವಿಷಯ. ಆರಾಮಿನ ಜಾಗದಲ್ಲಿ ಹಾಡಿದರೆ ಎರಡು ದಿನಕ್ಕೆ ಏನೂ ಆಗುವುದಿಲ್ಲ. ನಿಮ್ಮ ತಾರಸ್ಥಾಯಿಯ ‘ಎ’ ಸ್ವರ ಹಾಡುವಾಗ ಗಂಟಲಿನ ಧ್ವನಿತಂತುಗಳು ಒಂದು ಸೆಕೆಂಡಿಗೆ 440 ಸಲ ಒಂದಕ್ಕೊಂದು ತಾಗುತ್ತವೆ. ಅವು ಒದ್ದೆಯಾಗಿರಬೇಕು. ಕುಡಿದ ನೀರು ನೇರವಾಗಿ ಅಲ್ಲಿಗೆ ಹೋಗುವುದಿಲ್ಲ, ಮೈಯೊಳಗೆ ಸೇರಿ ನಿಧಾನಕ್ಕೆ ತಲುಪುತ್ತದೆ. ಹಾಗಾಗಿ ಹಿಂದಿನ ದಿನದಿಂದಲೇ ನೀರು ಕುಡಿಯಿರಿ. ಬೆಳಿಗ್ಗೆ ಸ್ಟ್ರಾದ ಒಂದು ತುದಿಯನ್ನು ಅರ್ಧ ಲೋಟ ನೀರಿನಲ್ಲಿ ಮುಳುಗಿಸಿ, ಅದರ ಮೂಲಕ ಗುಳ್ಳೆ ಬರಿಸುತ್ತಾ ‘ಊ’ ಎಂದು ಮೇಲೆ ಕೆಳಗೆ ಓಡಾಡಿ. ಐದು ನಿಮಿಷ ಸಾಕು. ತಂತುಗಳಿಗೆ ಪೆಟ್ಟು ಬೀಳದ ಹಾಗೆ ಧ್ವನಿ ಕಾಯಿಸುವ ಒಳ್ಳೆಯ ದಾರಿ ಇದು. ರಾತ್ರಿ ಖಾರದ ಊಟ ಮಾಡಿ ತಕ್ಷಣ ಮಲಗಿದರೆ ಹುಳಿ ಮೇಲೆ ಬಂದು ಬೆಳಿಗ್ಗೆ ಧ್ವನಿ ಒಡೆಯುತ್ತದೆ, ಬೇಗ ಉಂಡುಬಿಡಿ. ಪದೇ ಪದೇ ಕೆಮ್ಮಿ ಗಂಟಲು ಸರಿಮಾಡಿಕೊಳ್ಳಬೇಡಿ, ಒಂದು ಗುಟುಕು ನೀರು ನುಂಗಿ. ಜಾಸ್ತಿ ಗಂಟಲು ಹಾಳಾಗುವುದು ಹಾಡಿನಿಂದಲ್ಲ, ಬಿಡುವಿನ ಹೊತ್ತಿನಲ್ಲಿ ಗದ್ದಲದ ನಡುವೆ ಕೂಗಿ ಮಾತಾಡುವುದರಿಂದ. ಆಗ ಹೊರಗೆ ಹೋಗಿ ಒಂದು ಸುತ್ತು ನಡೆದು ಬನ್ನಿ. ದಣಿದಿದ್ದರೆ ಅಭ್ಯಾಸದ ಹೊತ್ತಿನಲ್ಲಿ ಮೇಲಿನ ಸ್ವರಗಳನ್ನು ಒಂದು ಸ್ಥಾಯಿ ಕೆಳಗೆ ಮೆಲ್ಲಗೆ ಹಾಡಿಕೊಂಡರೆ ಯಾರೂ ತಪ್ಪು ತಿಳಿಯುವುದಿಲ್ಲ, ಪಳಗಿದವರೂ ಹಾಗೇ ಮಾಡುತ್ತಾರೆ. ಹಬ್ಬ ಮುಗಿದು ಎರಡು ಮೂರು ವಾರವಾದರೂ ಧ್ವನಿ ಒಡಕಾಗೇ ಇದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಲೇಬೇಕು.

ಭಾನುವಾರಕ್ಕೆ ಕಪ್ಪು ಬಟ್ಟೆ ಹೇಳಬಹುದು. ಕಪ್ಪು ಸೀರೆ ಉಡಬಹುದೇ ಎಂದು ಒಮ್ಮೆ ಕೇಳಿ, ಬೇಡ ಅನ್ನುವವರು ಕಡಿಮೆ. ಸೆರಗಿಗೆ ಪಿನ್ ಹಾಕಿ, ಎರಡೂ ಕೈಯಲ್ಲಿ ಪುಸ್ತಕ ಇರುತ್ತದೆ. ಚರ್ಚಿನಲ್ಲಿ ಹಾಡುವುದಾದರೆ ಒಳಗೆ ಚಳಿ, ಬೆಚ್ಚಗಿನದ್ದೇನಾದರೂ ಒಳಗೆ ಹಾಕಿಕೊಳ್ಳಿ. ‘ಹಲ್ಲೆಲೂಯಾ’ ಶುರುವಾದಾಗ ಕೇಳುವವರು ಎದ್ದು ನಿಂತರೆ ಅಚ್ಚರಿಪಡಬೇಡಿ. ಎರಡನೇ ಜಾರ್ಜ್ ದೊರೆ ಎದ್ದು ನಿಂತಿದ್ದನಂತೆ ಎಂಬ ಕಥೆ ಹೇಳುತ್ತಾರೆ. ಆ ಕಾಲದ ಯಾವ ದಾಖಲೆಯೂ ಅದಕ್ಕಿಲ್ಲ, ಆದರೆ ನಿಲ್ಲುವ ರೂಢಿ ಮಾತ್ರ ಉಳಿದಿದೆ.

ಬಂದ ಮೇಲೆ ಒಂದು ಕೆಲಸ ಮಾಡಿ ನೋಡಿ ಎಂದು ಕೇಳಿಕೊಳ್ಳುತ್ತೇನೆ. ನಿಮ್ಮ ಕನ್ನಡದ ಗುಂಪಿನಲ್ಲಿ ಮೋಹನ ರಾಗದ ಒಂದು ಹಾಡು ಆರಿಸಿ. ಅದರಲ್ಲಿ ಮಧ್ಯಮ, ನಿಷಾದ ಇಲ್ಲ. ಹಾಗಾಗಿ ಅದರ ಸ್ವರಗಳಲ್ಲಿ ಯಾವ ಎರಡು ಒಟ್ಟಿಗೆ ಕೇಳಿಸಿದರೂ ಕಿವಿಗೆ ಗಡುಸಾಗುವುದಿಲ್ಲ. ಅರ್ಧ ಜನ ಮಟ್ಟು ಹಾಡಲಿ. ಉಳಿದ ಅರ್ಧ ಜನ ತಮ್ಮ ಗಂಟಲಿಗೆ ಆರಾಮಾದ ಸ್ಥಾಯಿಯಲ್ಲಿ ಷಡ್ಜವನ್ನೋ ಪಂಚಮವನ್ನೋ ಬಾಯಿ ಮುಚ್ಚಿ ಗುನುಗಲಿ. ಅದು ಕೂಡಿ ಬಂದರೆ, ಎರಡನೇ ಗುಂಪು ಅದೇ ಮಟ್ಟನ್ನು ಒಂದು ಆವರ್ತನ ತಡವಾಗಿ ಶುರು ಮಾಡಲಿ. ತೋಡಿ, ಭೈರವಿ ಥರದ ಗಮಕದ ರಾಗಗಳನ್ನು ಮಾತ್ರ ಇದಕ್ಕೆ ಎಳೆದು ತರಬೇಡಿ. ಅಲ್ಲಿ ಸ್ವರಗಳು ನೆಟ್ಟಗೆ ನಿಂತರೆ ರಾಗವೇ ಉಳಿಯುವುದಿಲ್ಲ.